ಮಳವಳ್ಳಿಯನ್ನು ಎಲ್ಲಿ ನಿಲ್ಲಿಸಿದ್ದೀರಿ?

ಕನ್ನಡದ ಹುಡುಗರೇ, ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನೊಳಗೆ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ಕೂತಿದೆ. ಅಮೆರಿಕದ ರಿಚರ್ಡ್ ಹಿಪ್ ಎಂಬಾತ 2000ದಲ್ಲಿ ಹೊರತಂದ ಇದರ ಹಕ್ಕುಸ್ವಾಮ್ಯವನ್ನೇ ಬಿಟ್ಟುಕೊಟ್ಟಿದ್ದಾನೆ. ಕಾಸು ಕೊಡಬೇಕಿಲ್ಲ, ಅಪ್ಪಣೆ ಕೇಳಬೇಕಿಲ್ಲ. ಮಂಡ್ಯದ ಪ್ರೆಸ್ಸಿನವನಿಗೆ ಇನ್ನೇನು ಬೇಕು? ಮದ್ದೂರು, ಮಳವಳ್ಳಿ ಕಡೆಯ ಗಿರಾಕಿಗಳ ಹೆಸರು, ಊರು, ಲಗ್ನಪತ್ರಿಕೆಯ ಲೆಕ್ಕ, ಬಾಕಿ ಎಲ್ಲವನ್ನೂ ಕನ್ನಡದಲ್ಲೇ ಇಡಬಹುದು. ಹುಡುಕಿದರೆ ಸಿಗುತ್ತದೆ.

ಆದರೆ ಊರುಗಳನ್ನು ಅಕಾರಾದಿಯಾಗಿ ಜೋಡಿಸು ಎನ್ನಿ, ಬಣ್ಣ ಬಯಲು! ಮಹದೇವಪುರಕ್ಕಿಂತ ಮೊದಲೇ ಮಳವಳ್ಳಿ ಬಂದು ನಿಲ್ಲುತ್ತದೆ. ಒಂದನೇ ಕ್ಲಾಸಿನ ಮಗುವಿಗೂ ಗೊತ್ತು: ಯ ರ ಲ ವ ಶ ಷ ಸ ಹ ಳ. ಳ ಕಟ್ಟಕಡೆಯದು. ಎಸ್‌ಕ್ಯೂಲೈಟ್ ನೋಡುವುದು ವರ್ಣಮಾಲೆಯನ್ನಲ್ಲ, ಯೂನಿಕೋಡಿನ ಅಂಕಿಯನ್ನು. 1991ರಲ್ಲಿ ಯೂನಿಕೋಡಿನವರು ನಮ್ಮ ಲಿಪಿಗಳಿಗೆ ಜಾಗ ಕೊಟ್ಟಾಗ ದೆಹಲಿಯ ಇಸ್ಕಿ ಪಟ್ಟಿಯನ್ನೇ ಹಿಡಿದರು. ಭಾರತದ ಲಿಪಿಗಳಿಗೆಲ್ಲ ಒಂದೇ ಅಚ್ಚು! ಅದರಲ್ಲಿ ಳ ಕೂತಿರುವುದು ಲ ಪಕ್ಕದಲ್ಲಿ. ಯಾರದೋ ಅಳತೆಗೆ ಹೊಲಿದ ಅಂಗಿ; ತೋಳು ಗಿಡ್ಡವಾದದ್ದು ನಮಗೆ.

ದಾರಿ ಇಲ್ಲವೇ? ಇದೆ. ಐಸಿಯು ಎಂಬ ಇನ್ನೊಂದು ಉಚಿತ ಲೈಬ್ರರಿ (ಆಸ್ಪತ್ರೆಯದಲ್ಲ!) ಭಾಷೆ ಭಾಷೆಯ ಅಕ್ಷರಕ್ರಮವನ್ನು ಬಲ್ಲದು. ಎಸ್‌ಕ್ಯೂಲೈಟ್ ತಾನಾಗಿ ಅದನ್ನು ಹೊತ್ತು ತರುವುದಿಲ್ಲ. ಮೂಲ ಕೋಡು ಇಳಿಸಿಕೊಂಡು, ಎರಡನ್ನೂ ಸೇರಿಸಿ ನಾವೇ ಕಂಪೈಲ್ ಮಾಡಬೇಕು. ಹೇಗೆ? ಕೋಡಿನ ಜೊತೆ ಒಂದು ರೀಡ್‌ಮಿ ಕಡತವಿದೆ. ಸಿ ಭಾಷೆಯನ್ನು ಅರೆದು ಕುಡಿದವರಿಗಾಗಿ ಬರೆದ ಇಂಗ್ಲಿಷು. ಪೈಥಾನ್ ಬಲ್ಲವರು 'ಕ್ರಿಯೇಟ್ ಕೊಲೇಶನ್' ಎಂಬ ಆಜ್ಞೆಯಿಂದ ನಮ್ಮದೇ ಕ್ರಮವನ್ನು ಹೇಳಿಕೊಡಬಹುದಂತೆ. ಸರಿ ಸ್ವಾಮಿ, ಅನುಸ್ವಾರ ಎಲ್ಲಿಗೆ ಹೋಗಬೇಕು, ಒತ್ತಕ್ಷರ ಎಲ್ಲಿಗೆ? ಪಿಯುಸಿ ಓದಿ ಮೊಳೆ ಜೋಡಿಸಿದವನು ಮೊದಲ ಸಾಲನ್ನು ಎಲ್ಲಿ ಟೈಪು ಮಾಡಬೇಕು?

ನಮ್ಮ ಪಟ್ಟಣದ ಕಂಪ್ಯೂಟರ್ ತರಬೇತಿ ಕೇಂದ್ರವೊಂದರಲ್ಲಿ ಕೇಳಿದೆ. "ಇಂಗ್ಲಿಷಿನಲ್ಲಿ ಎಂಟ್ರಿ ಮಾಡಿ ಸಾರ್, ತಲೆನೋವೇ ಇಲ್ಲ" ಅಂದರು. ಇಂಗ್ಲಿಷಿನಲ್ಲಿ ಲ, ಳ ಎರಡಕ್ಕೂ ಒಂದೇ ಅಕ್ಷರ. ಹಳ್ಳಿ ಹೋಗಿ ಹಲ್ಲಿಯಾದರೂ ಇವರಿಗೆ ಚಿಂತೆಯಿಲ್ಲ!

ಅಂಗಡಿ ಬೋರ್ಡಿಗಾಗಿ ಬೀದಿಗಿಳಿದೆವು, ಇಳಿಯಲೇಬೇಕಿತ್ತು. ಬೋರ್ಡಿನ ಹಿಂದೆ ಕೂತ ಲೆಕ್ಕದ ಪುಸ್ತಕ ಇಂಗ್ಲಿಷಿಗೆ ಜಾರುತ್ತಿದೆ, ಅದಕ್ಕೆ ಯಾರೂ ಧಿಕ್ಕಾರ ಕೂಗಲಿಲ್ಲ. ಧಿಕ್ಕಾರ ಕೂಗಿದರೆ ಬಗೆಹರಿಯುವುದೂ ಅಲ್ಲ ಅದು. ಕೆ.ಪಿ. ರಾವ್ ಕೀಲಿಮಣೆ ಮಾಡಿಕೊಟ್ಟದ್ದು, ಶೇಷಾದ್ರಿವಾಸು 1998ರಲ್ಲಿ 'ಬರಹ' ಕೊಟ್ಟದ್ದು ಕೂತು ಕೆಲಸ ಮಾಡಿ. ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿ ಪರದೇಶದ ಬ್ಯಾಂಕುಗಳಿಗೆ ಡೇಟಾಬೇಸ್ ಕಟ್ಟುವ ಕನ್ನಡದ ಹುಡುಗರು ಎಷ್ಟು ಮಂದಿ ಇಲ್ಲ? ಇಷ್ಟನ್ನು ಕನ್ನಡದಲ್ಲಿ ಹೇಳಿಕೊಡಲು ಒಂದು ಭಾನುವಾರ ಸಿಗುವುದಿಲ್ಲವೇ?

ಇಪ್ಪತ್ತು ಪುಟ ಸಾಕು. ಏನನ್ನು ಇಳಿಸಿಕೊಳ್ಳಬೇಕು, ಯಾವ ಸಾಲು ಟೈಪು ಮಾಡಬೇಕು, ತಪ್ಪು ಬಂದರೆ ತೆರೆಯ ಮೇಲೆ ಏನು ಕಾಣುತ್ತದೆ, ಆಗ ಏನು ಮಾಡಬೇಕು. ಉದಾಹರಣೆಗೆ ನ್ಯೂಯಾರ್ಕ್ ಬೇಡ, ನಮ್ಮ ಊರುಗಳೇ ಇರಲಿ. ಬರೆದು ಈ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಅಚ್ಚಿನ ಕೂಲಿ, ಕಾಗದ ಎರಡೂ ನನ್ನದು.