ಫಾರ್ಮ್ಯಾಟ್‌ಗೆ ಮೊದಲು ಎರಡನೇ ಪ್ರತಿ

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತ ಮೇಲೆ ಕಾರವಾರದ ನನ್ನ ರಿಪೇರಿ ಅಂಗಡಿಗೆ ಹಳೆಯ ಕಂಪ್ಯೂಟರುಗಳು ಬರುವುದು ಹೆಚ್ಚಾಗಿದೆ. ಯಂತ್ರ ಗಟ್ಟಿಯಾಗಿಯೇ ಇರುತ್ತದೆ, ವಿಂಡೋಸ್ 11 ಮಾತ್ರ ಅದನ್ನು ಒಪ್ಪುವುದಿಲ್ಲ. ಅಂಥದ್ದನ್ನು ಗುಜರಿಗೆ ಹಾಕದೆ ಲಿನಕ್ಸ್ ಹಾಕಿಸಿಕೊಳ್ಳುವವರನ್ನು ಕಂಡರೆ ನನಗೆ ನಿಜಕ್ಕೂ ಸಂತೋಷ. ಆದರೆ ಹೆಚ್ಚಿನವರ ಬೇಡಿಕೆ ಒಂದೇ: “ಫಾರ್ಮ್ಯಾಟ್ ಹೊಡೀರಿ, ಒಳಗಿನ ಡಾಟಾ ಮಾತ್ರ ಹೋಗೂದು ಬೇಡ. ಸಂಜೆ ಬಸ್ಸಿಗೆ ಅಂಕೋಲೆಗೆ ವಾಪಸ್ ಹೋಗ್ಬೇಕು.” ಬೇರೆ ಡಿಸ್ಕಿನಲ್ಲಿ ಪ್ರತಿ ಇದೆಯೇ ಎಂದು ಕೇಳಿದರೆ ತಲೆ ಅಡ್ಡ ಆಡುತ್ತದೆ. ಪ್ರತಿ ಇಲ್ಲದ ಡಿಸ್ಕನ್ನು ನಾನು ಫಾರ್ಮ್ಯಾಟ್ ಮಾಡುವುದಿಲ್ಲ, ಬೇರೆ ಯಾರೂ ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಡಿಸ್ಕಿನಲ್ಲಿ ಕಡತಗಳು ಹೆಸರಿಟ್ಟುಕೊಂಡು ಸಾಲಾಗಿ ಕುಳಿತಿರುವುದಿಲ್ಲ. ಸಾಮಾನ್ಯವಾಗಿ 4 ಕಿಲೋಬೈಟಿನ ಬ್ಲಾಕುಗಳಾಗಿ ಅಲ್ಲಲ್ಲಿ ಹರಡಿರುತ್ತವೆ. ಯಾವ ಕಡತದ ಬ್ಲಾಕುಗಳು ಎಲ್ಲೆಲ್ಲಿವೆ, ಯಾವ ಕ್ರಮದಲ್ಲಿ ಓದಬೇಕು ಎಂಬ ಲೆಕ್ಕ ಇಡುವುದೇ ಫೈಲ್ ಸಿಸ್ಟಮ್. ವಿಂಡೋಸ್ ಈ ಲೆಕ್ಕವನ್ನು ಎನ್‌ಟಿಎಫ್‌ಎಸ್ ಪದ್ಧತಿಯಲ್ಲಿ ಇಡುತ್ತದೆ, ಲಿನಕ್ಸ್ ಹೆಚ್ಚಾಗಿ ಇಎಕ್ಸ್‌ಟಿ4 ಪದ್ಧತಿಯಲ್ಲಿ. ಒಂದನ್ನು ಇನ್ನೊಂದಾಗಿ ಇದ್ದಲ್ಲೇ ಬದಲಾಯಿಸುವ ನಂಬಬಹುದಾದ ಉಪಕರಣ ಇಲ್ಲ. ಎಲ್ಲವನ್ನೂ ಹೊರಗೆ ನಕಲು ಮಾಡಿ, ಪಾರ್ಟಿಶನ್ ಹೊಸದಾಗಿ ಫಾರ್ಮ್ಯಾಟ್ ಮಾಡಿ, ಮತ್ತೆ ಒಳಗೆ ತರಬೇಕು. ಸಂಜೆ ಬಸ್ಸಿನೊಳಗೆ ಮುಗಿಯುವ ಕೆಲಸವಲ್ಲ.

ಲಿನಕ್ಸಿನ ಪದ್ಧತಿಗಳ ನಡುವೆ ಅಡ್ಡದಾರಿಗಳಿವೆ. 2001ರಲ್ಲಿ ಲಿನಕ್ಸಿಗೆ ಸೇರಿದ ಇಎಕ್ಸ್‌ಟಿ3 ಪಾರ್ಟಿಶನ್‌ಗೆ, 2008ರ ಕೊನೆಯಲ್ಲಿ ಬಳಕೆಗೆ ಸಿದ್ಧವಾದ ಇಎಕ್ಸ್‌ಟಿ4ರ ಗುಣಗಳನ್ನು ಟ್ಯೂನ್2ಎಫ್‌ಎಸ್ ಎಂಬ ಆದೇಶದಿಂದ ಕೂಡಿಸಬಹುದು. ಬೇಗ ಆಗುತ್ತದೆ, ಆದರೆ ಅರ್ಧ ಮಾತ್ರ ಆಗುತ್ತದೆ. ಮೊದಲೇ ಇದ್ದ ಕಡತಗಳು ಹಳೆಯ ಲೆಕ್ಕದಲ್ಲೇ ಉಳಿದು, ಮುಂದೆ ಬರೆಯುವವು ಮಾತ್ರ ಹೊಸ ಲೆಕ್ಕಕ್ಕೆ ಸೇರುತ್ತವೆ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಆ ಕಾಲದ ಪಾರ್ಟಿಶನ್‌ಗಳಲ್ಲಿ ಒಂದೊಂದು ಕಡತದ ವಿವರಕ್ಕೆ ಸಾಮಾನ್ಯವಾಗಿ 128 ಬೈಟ್ ಜಾಗ. ಅಲ್ಲಿ ದಿನಾಂಕಕ್ಕೆ ದಕ್ಕುವುದು 32 ಬಿಟ್. 2038ರ ಜನವರಿ 19ಕ್ಕೆ ಆ ಎಣಿಕೆ ತುಂಬಿಹೋಗುತ್ತದೆ. ಹೊಸದಾಗಿ ಫಾರ್ಮ್ಯಾಟ್ ಮಾಡಿದ ಇಎಕ್ಸ್‌ಟಿ4ರಲ್ಲಿ ಸಾಮಾನ್ಯವಾಗಿ 256 ಬೈಟ್ ಇರುವುದರಿಂದ ದಿನಾಂಕ 2446ರವರೆಗೆ ನಡೆಯುತ್ತದೆ. ಅಡ್ಡದಾರಿಯಲ್ಲಿ ಬದಲಾದ ಡಿಸ್ಕು 2038ರ ತೊಂದರೆಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಇರುತ್ತದೆ. ಅಂಥ ಕೆಲಸಕ್ಕೆ ದುಡ್ಡು ಕೊಡಬೇಡಿ.

ಲಿನಕ್ಸಿನ ಇನ್ನೊಂದು ಪದ್ಧತಿಯಾದ ಬಟರ್‌ಎಫ್‌ಎಸ್‌ಗೆ ಬದಲಾಯಿಸುವ ಉಪಕರಣ ಇದಕ್ಕಿಂತ ಜಾಣತನದ್ದು. ಹೆಚ್ಚಿನ ಬ್ಲಾಕುಗಳನ್ನು ಇದ್ದಲ್ಲೇ ಬಿಟ್ಟು, ಖಾಲಿ ಜಾಗದಲ್ಲಿ ಹೊಸ ಲೆಕ್ಕ ಬರೆದು, ಹಳೆಯ ಪಾರ್ಟಿಶನ್ನಿನ ಪಡಿಯಚ್ಚನ್ನು ಒಳಗೇ ಉಳಿಸಿಡುತ್ತದೆ. ಅದನ್ನು ಅಳಿಸದಿದ್ದರೆ ಹಿಂದಕ್ಕೆ ಹೋಗಲೂಬಹುದು. ಇಷ್ಟು ಚೆಂದದ ಕೆಲಸವನ್ನು ಮೆಚ್ಚುತ್ತೇನೆ. ಆದರೆ ಹಳೆಯದೂ ಹೊಸದೂ ಇರುವುದು ಒಂದೇ ಡಿಸ್ಕಿನಲ್ಲಿ. ಡಿಸ್ಕು ಸತ್ತರೆ ಎರಡೂ ಸತ್ತವು. ಮೇಲಾಗಿ ನಮ್ಮದು ಮಳೆ ಊರು. ಜೂನ್ ಕಾಲಿಟ್ಟ ಮೇಲೆ ಬಿಣಗಾದಿಂದ ಅವರ್ಸಾದವರೆಗೆ ಎಲ್ಲೋ ಒಂದು ಮರ ತಂತಿಯ ಮೇಲೆ ಬಿದ್ದರೆ ಸಾಕು, ಕರೆಂಟ್ ಇಲ್ಲ. ದಿನನಿತ್ಯದ ಬರವಣಿಗೆಯ ನಡುವೆ ಕರೆಂಟ್ ಹೋದರೆ ಫೈಲ್ ಸಿಸ್ಟಮ್ಮಿನ ಜರ್ನಲ್, ಅಂದರೆ ಬದಲಾವಣೆಗಳ ಮುಂಗಡ ಟಿಪ್ಪಣಿ, ಅದರ ಲೆಕ್ಕವನ್ನು ಕಾಪಾಡುತ್ತದೆ. ಪದ್ಧತಿಯನ್ನೇ ಬದಲಾಯಿಸುವ ಉಪಕರಣ ಆ ಜರ್ನಲ್ಲಿನ ರಕ್ಷಣೆಯ ಹೊರಗೆ ನಿಂತು ಕೆಲಸ ಮಾಡುತ್ತದೆ. ಜನ ಒಳಗಿರುವಾಗಲೇ ಆಷಾಢದ ಮಳೆಯಲ್ಲಿ ಮಾಡಿನ ಹೆಂಚು ಕಿತ್ತು ಹೊದಿಸುವ ಧೈರ್ಯ ಇದು.

ಬದಲಾಯಿಸದೆ ಸುಮ್ಮನಿರೋಣವೇ ಎಂದರೆ ಅದೂ ಆಗದು. ಒಂದು ಕಾಲಕ್ಕೆ ಸೂಸೆ ಲಿನಕ್ಸಿನ ಜೊತೆ ಬರುತ್ತಿದ್ದ ರೈಸರ್‌ಎಫ್‌ಎಸ್ ಎಂಬ ಪದ್ಧತಿಯನ್ನು 2025ರ ಜನವರಿಯಲ್ಲಿ ಬಂದ ಲಿನಕ್ಸ್ ಕರ್ನೆಲ್ 6.13ರಿಂದ ತೆಗೆದುಹಾಕಿದ್ದಾರೆ. ಅಂಥ ಡಿಸ್ಕನ್ನು ಆ ಕರ್ನೆಲ್ ಅಥವಾ ಅದರ ನಂತರದ್ದು ಇರುವ ಲಿನಕ್ಸಿಗೆ ಜೋಡಿಸಿದರೆ ಅದು ತೆರೆಯುವುದೇ ಇಲ್ಲ. ಹಳೆಯ ಲೈವ್ ಡಿವಿಡಿ ಹುಡುಕಿ, ಅದರಿಂದ ಬೂಟ್ ಮಾಡಿ ಓದಬೇಕು. ಕಪಾಟಿನಲ್ಲಿ ಇಂಥ ಡಿಸ್ಕು ಇಟ್ಟುಕೊಂಡವರು ಇನ್ನು ತಡಮಾಡಬಾರದು.

ಈಗ ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿ. ನಮ್ಮ ಜನ ಕಡತಗಳಿಗೆ ಕನ್ನಡದಲ್ಲಿ ಉದ್ದುದ್ದ ಹೆಸರಿಡುತ್ತಾರೆ: ಹಾಡಿದವರು, ಊರು, ಯಾವ ಹಬ್ಬ, ಯಾವ ವರ್ಷ, ಎಲ್ಲ ಹೆಸರಿನಲ್ಲೇ. ಒಳ್ಳೆಯ ಅಭ್ಯಾಸ, ಬಿಡಬೇಡಿ. ಎನ್‌ಟಿಎಫ್‌ಎಸ್ ಒಂದು ಹೆಸರಿಗೆ 255 ಚಿಹ್ನೆ ಕೊಡುತ್ತದೆ. ಇಎಕ್ಸ್‌ಟಿ4 ಕೊಡುವುದು 255 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೇಕು. ಗುಣಿತ, ಸೊನ್ನೆ, ಒತ್ತಿನ ಕೊಂಡಿ ಎಲ್ಲವೂ ಬೇರೆ ಬೇರೆ ಚಿಹ್ನೆಯೇ. ‘ಸುಕ್ರಿ’ ಎಂದು ಬರೆದರೆ ಕಣ್ಣಿಗೆ ಎರಡಕ್ಷರ, ಡಿಸ್ಕಿಗೆ 18 ಬೈಟ್. ಹಾಗಾಗಿ 85 ಚಿಹ್ನೆ ದಾಟಿದ ಕನ್ನಡ ಹೆಸರು ವಿಂಡೋಸಿನಲ್ಲಿ ಆರಾಮಾಗಿ ಇದ್ದು, ಲಿನಕ್ಸಿಗೆ ನಕಲು ಮಾಡುವಾಗ ಹೊರಗೇ ಉಳಿಯುತ್ತದೆ. ಹೆಸರು ಉದ್ದವಾಯಿತು ಎಂಬ ಒಂದು ಸಾಲು ಪರದೆಯ ಮೇಲೆ ಸರಿದುಹೋಗುತ್ತದೆ, ನಕಲು ಮುಂದುವರಿಯುತ್ತದೆ. ಸಾವಿರಾರು ಕಡತಗಳ ನಡುವೆ ಆ ಸಾಲು ಯಾರ ಕಣ್ಣಿಗೆ ಬೀಳಬೇಕು? ಹಳೆಯ ಪಾರ್ಟಿಶನ್ ಅಳಿಸಿದ ಮೇಲೆ ಆ ಕಡತ ಇಲ್ಲ. ಕೆಲವರು ನಡುವಿನ ಪ್ರತಿಗೆ ಹಳೆಯ ಪೆನ್‌ಡ್ರೈವ್ ತರುತ್ತಾರೆ. ಅದರ ಎಫ್‌ಎಟಿ32 ಪದ್ಧತಿಯಲ್ಲಿ 4 ಗಿಗಾಬೈಟ್ ಮೀರಿದ ಕಡತ ಹಿಡಿಯುವುದಿಲ್ಲ. ಇಡೀ ರಾತ್ರಿಯ ಯಕ್ಷಗಾನದ ವಿಡಿಯೊ ಅಲ್ಲಿಗೇ ನಿಲ್ಲುತ್ತದೆ.

ಆದ್ದರಿಂದ ನಕಲು ಮಾಡಿದರೆ ಸಾಲದು, ತಾಳೆ ನೋಡಬೇಕು. ಫಾಸ್ಟ್ ಸ್ಟಾರ್ಟಪ್ ತೆಗೆದು, ವಿಂಡೋಸನ್ನು ಪೂರ್ತಿ ಬಂದ್ ಮಾಡಿ, ಪ್ರತಿ ಕಡತಕ್ಕೂ ಎಸ್‌ಎಚ್‌ಎ-256 ಚೆಕ್‌ಸಮ್ (ಕಡತದ ಬೆರಳಚ್ಚಿನಂಥ ಸಂಖ್ಯೆ) ತೆಗೆದಿಟ್ಟು, ನಕಲಿನ ಚೆಕ್‌ಸಮ್ ಅದಕ್ಕೆ ಸರಿಹೊಂದಿದ ಮೇಲೆಯೇ ಹಳೆಯದನ್ನು ಅಳಿಸುವ ಮಾತು. ಈ ಚೆಕ್‌ಸಮ್‌ಗಳ ಪಟ್ಟಿಯನ್ನು ಬಿಲ್ಲಿನ ಜೊತೆ ಗ್ರಾಹಕರ ಕೈಗೆ ಕೊಡುವುದು ನನ್ನಂಥ ರಿಪೇರಿಯವರ ಕರ್ತವ್ಯ. ಕೊಡದಿದ್ದರೆ ಕೇಳಿ ಪಡೆಯಿರಿ.

ಇಷ್ಟೆಲ್ಲ ಯಾಕೆಂದರೆ, ಕಾರವಾರ, ಅಂಕೋಲೆ ತಾಲೂಕುಗಳ ಡಿಸ್ಕುಗಳಲ್ಲಿ ಇರುವುದು ಬರೀ ಮದುವೆ ಫೋಟೊ ಅಲ್ಲ. ಬಡಗೇರಿಯ ಸುಕ್ರಿ ಬೊಮ್ಮಗೌಡರು 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಹೊನ್ನಳ್ಳಿಯ ತುಳಸಿ ಗೌಡರು ಅದಕ್ಕೆ ಎರಡು ತಿಂಗಳ ಹಿಂದೆ. ಇಬ್ಬರೂ ಪದ್ಮಶ್ರೀ ಪಡೆದವರು, ಇಬ್ಬರೂ ಹಾಲಕ್ಕಿ ಸಮುದಾಯದವರು. ಸುಕ್ರಜ್ಜಿ ಎಲ್ಲೆಲ್ಲೋ ಹಾಡಿದ್ದನ್ನು, ತುಳಸಜ್ಜಿ ಗಿಡಗಳ ಬಗ್ಗೆ ಹೇಳಿದ್ದನ್ನು ಯಾರ್ಯಾರೋ ಮೊಬೈಲಿನಲ್ಲಿ ಹಿಡಿದು ಮನೆಯ ಕಂಪ್ಯೂಟರಿಗೆ ಸುರಿದಿದ್ದಾರೆ. ಅದನ್ನು ಮತ್ತೊಮ್ಮೆ ಧ್ವನಿಮುದ್ರಿಸಲು ಯಾರಿಂದಲೂ ಆಗದು. 2019ರಲ್ಲಿ ಗಂಗಾವಳಿ ನದಿ ಉಕ್ಕಿದಾಗ ಕಾಗದಪತ್ರ ನೆನೆದು ಹಾಳಾದ ಮನೆಗಳಿಗೆ, ಸೀಬರ್ಡ್ ನೌಕಾನೆಲೆಗಾಗಿ ನೆಲ ಬಿಟ್ಟ ಕುಟುಂಬಗಳಿಗೆ, ಸ್ಕ್ಯಾನ್ ಮಾಡಿಟ್ಟ ಪ್ರತಿಯೇ ದಾಖಲೆ. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಊರವರು ತೆಗೆದ ಚಿತ್ರಗಳೂ ಹೀಗೇ ಚದುರಿ ಕುಳಿತಿವೆ.

ಜಿಲ್ಲಾಡಳಿತಕ್ಕೂ ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೂ ನನ್ನ ಕೇಳಿಕೆ ಸಣ್ಣದು. ಕಾರವಾರದಲ್ಲಿ ಒಂದು ಕೋಣೆ, ಗಟ್ಟಿ ಯುಪಿಎಸ್, ಎರಡು ಲಿನಕ್ಸ್ ಯಂತ್ರ, ಸಾಕಷ್ಟು ಖಾಲಿ ಡಿಸ್ಕು. ಯಕ್ಷಗಾನ ಮಂಡಳಿ, ವಾಚನಾಲಯ, ಸಹಕಾರ ಸಂಘ, ಮನೆಯವರು ಯಾರೇ ಬರಲಿ, ಅವರ ಸಂಗ್ರಹವನ್ನು ತಾಳೆ ನೋಡಿ ನಕಲು ಮಾಡಿಕೊಟ್ಟು, ಆಮೇಲೆ ಹಳೆಯ ಪಾರ್ಟಿಶನ್ ಬದಲಾಯಿಸಿಕೊಡಬೇಕು. ಮನೆಯ ಯಂತ್ರಕ್ಕೆ ಇಎಕ್ಸ್‌ಟಿ4 ಸಾಕು. ಸಂಗ್ರಹದ ಡಿಸ್ಕಿಗೆ ಬಟರ್‌ಎಫ್‌ಎಸ್ ಇರಲಿ, ಏಕೆಂದರೆ ಅದು ಕಡತದ ಒಳಗಿನದ್ದಕ್ಕೂ ಚೆಕ್‌ಸಮ್ ಇಟ್ಟು, ಬಿಟ್ ಕೆಟ್ಟರೆ ಓದುವಾಗಲೇ ತಿಳಿಸುತ್ತದೆ. ಇಎಕ್ಸ್‌ಟಿ4 ಆ ಕೆಲಸ ಮಾಡುವುದಿಲ್ಲ. ಮಾಲೀಕರು ಒಪ್ಪಿದರೆ ಇನ್ನೊಂದು ಪ್ರತಿ ಘಟ್ಟದ ಮೇಲೆ ಶಿರಸಿಯಲ್ಲೋ ಧಾರವಾಡದಲ್ಲೋ ಇರಲಿ, ಕಡಲಿನ ಉಪ್ಪುಗಾಳಿಯಿಂದಲೂ ನೆರೆಯಿಂದಲೂ ದೂರ. ದೀಪಾವಳಿ ಕಳೆದು ಕರೆಂಟ್ ನೆಟ್ಟಗಿರುವ ತಿಂಗಳುಗಳಲ್ಲಿ ಶುರು ಮಾಡಿ ಮೇ ಕೊನೆಯೊಳಗೆ ಮೊದಲ ಸುತ್ತು ಮುಗಿಸಬಹುದು. ಕೋಣೆ ಸಿಕ್ಕರೆ ಭಾನುವಾರಗಳಂದು ನಾನು ಬಂದು ಕೂರುತ್ತೇನೆ, ಸಂಬಳ ಬೇಡ.