ಉಡುಗೆಯ ಹೆಸರುಗಳು

ವಸ್ತುವನ್ನು ದಿನವೂ ಬಳಸುತ್ತಿದ್ದು ಅದರ ಹೆಸರನ್ನರಿಯದಿರುವುದು ಲೋಕದಲ್ಲಿ ಸಾಮಾನ್ಯವಾದ ಸಂಗತಿ. ಉಡುವ ಬಟ್ಟೆಯ ವಿಷಯದಲ್ಲಿಯಂತೂ ಈ ಅಜ್ಞಾನವು ನಮ್ಮಂಥ ಗೃಹಸ್ಥರಿಗೆ ಗಾಂಭೀರ್ಯದ ಲಕ್ಷಣವೆಂಬಂತೆ ನಡೆದುಬಂದಿದೆ. ಹೆಂಗಸರ ಉಡುಪಿನ ಮಾತು ಹೆಂಗಸರಿಗೇ ಇರಲಿ ಎಂದು ನಾವೂ ಬಹುಕಾಲ ಸುಮ್ಮನಿದ್ದೆವು. ಇತ್ತೀಚೆಗೆ ನಡೆದ ಒಂದು ಸಣ್ಣ ಪ್ರಸಂಗವು ನಮ್ಮ ಈ ಭಾವನೆಯನ್ನು ತಿದ್ದಿತು. ಅದನ್ನು ವಾಚಕರ ಮುಂದಿಡುವೆವು.

ನಮ್ಮ ಮನೆಯಿರುವುದು ಪೀಣ್ಯದ ಕೈಗಾರಿಕಾ ಪ್ರದೇಶಕ್ಕೆ ಸಮೀಪದಲ್ಲಿ. 1970ರ ದಶಕದಲ್ಲಿ ಈ ಪ್ರದೇಶವು ನೆಲೆಗೊಂಡ ಬಳಿಕ ಲಗ್ಗೆರೆ, ಹೆಗ್ಗನಹಳ್ಳಿ, ದಾಸರಹಳ್ಳಿ ಮೊದಲಾದ ಹಳ್ಳಿಗಳೆಲ್ಲ ಪಟ್ಟಣದೊಳಗೆ ಸೇರಿಹೋದವು. ಬೆಳಗಿನ ಹೊತ್ತು ಬೀದಿಯ ಬಾಗಿಲಲ್ಲಿ ನಿಂತರೆ, ಬುತ್ತಿಯ ಚೀಲ ಹಿಡಿದ ಹೆಂಗಸರು ಸಾಲುಸಾಲಾಗಿ ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ನಡೆಯುವುದನ್ನು ಕಾಣಬಹುದು. ಇದಕ್ಕೆ ಜನರು ‘ಗಾರ್ಮೆಂಟ್ಸಿಗೆ ಹೋಗುವುದು’ ಎನ್ನುತ್ತಾರೆ. ನಮ್ಮ ಹಿಂದಿನ ವಠಾರದಲ್ಲಿರುವ ತುಮಕೂರು ಸೀಮೆಯ ಒಬ್ಬ ಹೆಣ್ಣುಮಗಳೂ ಹದಿನಾಲ್ಕು ವರ್ಷಗಳಿಂದ ಹೀಗೆ ಹೋಗಿಬರುತ್ತಿರುವವಳು. ಆಕೆ ಒಂದು ಸಂಜೆ ಮಗಳ ಹಳೆಯ ನೋಟುಪುಸ್ತಕವೊಂದನ್ನು ಹಿಡಿದು ನಮ್ಮ ಜಗಲಿಗೆ ಬಂದಳು.

‘ಮೇಷ್ಟ್ರೇ, ಇಷ್ಟು ವರ್ಷ ಗಾರ್ಮೆಂಟ್ಸಲ್ಲಿ ನಾನು ಹೊಲಿದಿದ್ದು ಬರೀ ಕಾಲರ್. ಬೇರೆ ಏನೂ ಬರಲ್ಲ. ಈಗ ಕಣ್ಣು ಮಂಜಾಗ್ತಾ ಐತೆ. ಕೆಲಸ ಬಿಡೋ ಕಾಲಕ್ಕೆ ಮನೇಲೇ ರವಿಕೆ, ಚೂಡಿದಾರ ಹೊಲಿಯೋಣ ಅಂತ ಕಲೀತಾ ಇದೀನಿ. ಅಲ್ಲಿ ಅಕ್ಕ ಹೇಳೋ ಹೆಸರೆಲ್ಲ ಬರ್ಕೊಂಡಿದೀನಿ. ಅರ್ಥ ಮಾತ್ರ ಕನ್ನಡದಲ್ಲಿ ಬರ್ದುಕೊಡಿ’ ಎಂದಳು.

ಹದಿನಾಲ್ಕು ವರ್ಷ ಹೊಲಿದವಳಿಗೆ ಒಂದು ಅಂಗಿಯನ್ನು ಪೂರ್ತಿಯಾಗಿ ಹೊಲಿಯಲು ಬಾರದೆಂಬುದು ಮೊದಲು ನಮಗೆ ಸೋಜಿಗವೆನಿಸಿತು. ಆದರೆ ಕಾರ್ಖಾನೆಯ ಕ್ರಮವೇ ಹಾಗೆ. ಅಲ್ಲಿ ಯಂತ್ರಗಳನ್ನು ಸಾಲಾಗಿಟ್ಟು, ಒಬ್ಬೊಬ್ಬರಿಗೆ ಒಂದೊಂದು ಭಾಗವನ್ನು ಒಪ್ಪಿಸಿರುತ್ತಾರೆ. ತೋಳು ಕೂಡಿಸುವವಳು ದಿನವೆಲ್ಲ ತೋಳನ್ನೇ ಕೂಡಿಸುವಳು. ಕಾಜಾ ಮಾಡುವವಳು, ಎಂದರೆ ಗುಂಡಿಯ ಕಣ್ಣು ಹೊಲಿಯುವವಳು, ಕಾಜಾವನ್ನೇ ಮಾಡುವಳು. ಅಂಗಿಯು ಹತ್ತಾರು ಕೈಗಳನ್ನು ದಾಟಿ ಪೂರ್ಣವಾಗುತ್ತದೆ. ಕೈಗಳಿಗೆ ಮಾತ್ರ ಪೂರ್ಣವಾದ ಅಂಗಿಯ ಪರಿಚಯವಾಗುವುದಿಲ್ಲ.

ನಾವು ಪುಸ್ತಕವನ್ನು ತೆಗೆದುಕೊಂಡು ಉತ್ಸಾಹದಿಂದ ಕುಳಿತೆವು. ಸಂಸ್ಕೃತವನ್ನೋದಿದವರ ಚಪಲವು ಸುಲಭವಾಗಿ ಬಿಡುವುದಲ್ಲ. ‘ಯೋಕ್’ ಎಂಬುದಕ್ಕೆ ‘ಸ್ಕಂಧಪಟ್ಟಿಕೆ’ ಎಂದೂ, ‘ಕಫ್’ ಎಂಬುದಕ್ಕೆ ‘ಮಣಿಬಂಧವಲಯ’ ಎಂದೂ ದುಂಡಗೆ ಬರೆದುಕೊಟ್ಟೆವು. ಆಕೆ ಅಕ್ಷರ ಕೂಡಿಸಿ ಓದಿ, ನಮ್ಮ ಮನಸ್ಸು ನೋಯದಂತೆ ಹೀಗೆಂದಳು: ‘ಹೆಸರು ಚೆನ್ನಾಗೈತೆ ಮೇಷ್ಟ್ರೇ. ಆದರೆ ಗಿರಾಕಿ ಬಂದು ಯೋಕ್ ಇಡಿ ಅಂದಾಗ ನಾನು ಇದನ್ನ ಹೇಳಿದ್ರೆ, ಎದ್ದು ಬೇರೆ ಅಂಗಡಿಗೆ ಹೋಗ್ತಾರೆ.’

ಮಾತು ಸರಿಯಾಗಿತ್ತು. ಹೆಸರೆಂಬುದು ಹೇಳುವವನಿಗೂ ಕೇಳುವವನಿಗೂ ನಡುವೆ ಸಲ್ಲುವ ನಾಣ್ಯ. ಮನೆಯಲ್ಲಿ ಕುಳಿತು ಅಚ್ಚುಹಾಕಿದ ನಾಣ್ಯವು ಪೇಟೆಯಲ್ಲಿ ಸಲ್ಲದು. ಅಲ್ಲದೆ ನಮ್ಮವೆಂದು ನಾವು ಅಭಿಮಾನಪಡುವ ಹೆಸರುಗಳೂ ಹಲವು ದಾರಿಗಳಿಂದ ಬಂದವುಗಳೇ. ‘ಸೀರೆ’ಯು ಸಂಸ್ಕೃತದ ‘ಚೀರ’ದ ತದ್ಭವವೆಂದು ವೈಯಾಕರಣರು ಹೇಳುವರು. ‘ಕುಪ್ಪಸ’ವು ‘ಕೂರ್ಪಾಸ’ದಿಂದ ಬಂದುದು. ಅಮರಕೋಶವು ‘ಚೋಲ’, ‘ಕೂರ್ಪಾಸಕ’ ಎಂಬೆರಡು ಶಬ್ದಗಳನ್ನು ಜೊತೆಯಾಗಿ ಹೇಳುತ್ತದೆ. ‘ಪೈಜಾಮ’ವು ಪಾರಸಿಯಲ್ಲಿ ಕಾಲಿನ ಉಡುಪು ಎಂಬರ್ಥದ ಮಾತು. ‘ಕಮೀಜು’ ಅರಬ್ಬಿಯಿಂದ ಬಂದಿದೆ. ಇವನ್ನೆಲ್ಲ ಅರಗಿಸಿಕೊಂಡ ಕನ್ನಡಕ್ಕೆ ಕಾಲರ್, ಕಫ್‌ಗಳು ಭಾರವಾಗಲಾರವು. ಆದುದರಿಂದ ಹೊಸ ಹೆಸರನ್ನು ಕಟ್ಟುವುದನ್ನು ಬಿಟ್ಟು, ಇರುವ ಹೆಸರಿನ ಅರ್ಥವನ್ನು ಬಿಡಿಸಿ ಬರೆಯಲು ತೊಡಗಿದೆವು.

ಹಾಗೆ ಬಿಡಿಸುತ್ತ ಹೋದಂತೆ ಒಂದು ಕ್ರಮವು ನಮಗೆ ಗೋಚರಿಸಿತು. ಉಡುಪಿನ ಹೆಸರುಗಳಲ್ಲಿ ಹೆಚ್ಚಿನವು ಮೂರು ಬಗೆ. ಕೆಲವು ಮೈಯ ಸ್ಥಾನವನ್ನು ಹೇಳುವುವು, ಕೆಲವು ಕೈಯ ಕೆಲಸವನ್ನು, ಇನ್ನು ಕೆಲವು ಆಕಾರವನ್ನೋ ಯಾರೋ ಒಬ್ಬರ ನೆನಪನ್ನೋ ಹೇಳುವುವು. ಹೊಸ ಹೆಸರು ಕಿವಿಗೆ ಬಿದ್ದಾಗ, ಇದು ಈ ಮೂರರಲ್ಲಿ ಯಾವುದು ಎಂದು ಕೇಳಿಕೊಂಡರೆ ಅರ್ಧ ಅರ್ಥ ತಿಳಿದಂತೆಯೇ.

ಮೊದಲನೆಯದು ಸ್ಥಾನ. ಕಾಲರ್ ಕೊರಳಿನದು, ಅದರ ಲ್ಯಾಟಿನ್ ಮೂಲಕ್ಕೂ ಕೊರಳೆಂದೇ ಅರ್ಥ. ಕಫ್ ಮಣಿಕಟ್ಟಿನ ಪಟ್ಟಿ. ಯೋಕ್ ಎಂದರೆ ನೊಗ. ಹೆಗಲಮೇಲೆ ಅಡ್ಡಲಾಗಿ ಕೂತು, ಕೆಳಗಿನ ಬಟ್ಟೆಯ ಭಾರವನ್ನೆಲ್ಲ ಹೊರುವ ತುಂಡಿಗೆ ಆ ಹೆಸರು. ಇಂಗ್ಲಿಷಿನ ಈ ಶಬ್ದವೂ ನೊಗವೆಂಬರ್ಥದ ಸಂಸ್ಕೃತದ ‘ಯುಗ’ವೂ ಒಂದೇ ಮೂಲದ ಕವಲುಗಳು. ಬಾಗಿಲಿಗೆ ಬಂದ ನೆಂಟನನ್ನು ಗುರುತಿಸದೆ ನಾವು ‘ಸ್ಕಂಧಪಟ್ಟಿಕೆ’ಯನ್ನು ಕಟ್ಟಲು ಹೊರಟಿದ್ದೆವು! ನಮ್ಮ ಕುಪ್ಪಸವನ್ನು ಕೂಡ ಮೊಣಕೈಯೆಂಬರ್ಥದ ‘ಕೂರ್ಪರ’ಕ್ಕೆ ಸಂಬಂಧಿಸಿ ಹೇಳುವುದುಂಟು.

ಎರಡನೆಯದು ಕೈಗೆಲಸ. ಬಟ್ಟೆಯನ್ನು ಅಳತೆಯಾಗಿ ಮಡಿಸಿ ಹಿಡಿದರೆ ನೆರಿಗೆ. ದಾರವೆಳೆದು ಒತ್ತೊತ್ತಾಗಿ ಸುಕ್ಕು ಕೂಡಿಸಿದರೆ ಗ್ಯಾದರ್. ಚಪ್ಪಟೆಯಾದ ಬಟ್ಟೆಯು ಎದೆಗೂ ಸೊಂಟಕ್ಕೂ ಹೊಂದಿ ಕೂರುವಂತೆ ಒಳಗಡೆ ಚೂಪಾಗಿ ಹಿಡಿದು ಹೊಲಿದ ಮಡಿಕೆಯು ಡಾರ್ಟ್. ತಲೆಯೋ ಕೈಯೋ ನುಸುಳಲು ಬಟ್ಟೆಯನ್ನು ಸೀಳಿ, ಆ ಸೀಳಿನ ಅಂಚಿಗೆ ಪಟ್ಟಿ ಕೊಟ್ಟು ಹೊಲಿದರೆ ಪ್ಲಾಕೆಟ್. ಕೆಳಗಿನ ಅಂಚನ್ನು ಮಡಿಸಿ ಹೊಲಿದುದು ಹೆಮ್. ಒಳಗೆ ಕೊಡುವ ಇನ್ನೊಂದು ಪದರವು ಲೈನಿಂಗ್; ಇದನ್ನು ಅಸ್ತರು ಎಂದೂ ಹೇಳುವರು.

ಮೂರನೆಯದು ಆಕಾರ ಮತ್ತು ನೆನಪು. ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ದೋಣಿಯಂತೆ ಹರಡಿದ ಕತ್ತು ಬೋಟ್ ನೆಕ್. ಮೇಲೆ ಕಿರಿದಾಗಿ ಕೆಳಗೆ ಅಗಲವಾಗುವುದು ಎ-ಲೈನ್; ಇಂಗ್ಲಿಷಿನ ಮೊದಲ ಅಕ್ಷರದ ಆಕೃತಿಯಿಂದ ಬಂದ ಈ ಹೆಸರನ್ನು ಪ್ಯಾರಿಸಿನ ಕ್ರಿಶ್ಚಿಯನ್ ಡಿಯೋರ್ 1955ರಲ್ಲಿ ಪ್ರಚಾರಕ್ಕೆ ತಂದನು. ಡಾರ್ಟ್ ಹಿಡಿಯುವ ಬದಲು ಕಂಕುಳಿನಿಂದಲೋ ಹೆಗಲಿನಿಂದಲೋ ಸೊಂಟದವರೆಗೆ ಉದ್ದನೆಯ ಹೊಲಿಗೆಯನ್ನಿಳಿಸಿ ಮೈಗೆ ಹೊಂದಿಸಿದರೆ ಪ್ರಿನ್ಸೆಸ್ ಕಟ್. ಹೆಗಲಿನಲ್ಲಿ ಹೊಲಿಗೆಯಿಲ್ಲದೆ ಕತ್ತಿನವರೆಗೂ ಹೋಗುವ ತೋಳು ರಾಗ್ಲಾನ್. ಇದು 1815ರ ವಾಟರ್‌ಲೂ ಯುದ್ಧದಲ್ಲಿ ಬಲಗೈಯನ್ನು ಕಳೆದುಕೊಂಡ ಆಂಗ್ಲ ಸೇನಾನಿ ರಾಗ್ಲಾನ್ ಪ್ರಭುವಿನ ಹೆಸರು. ಅನಾರ್ಕಲಿಯೆಂದರೆ ದಾಳಿಂಬೆಯ ಮೊಗ್ಗು. ಮೇಲೆ ಕಿರಿದು, ಕೆಳಗೆ ಅಗಲವಾದ ಅನೇಕ ತುಂಡುಗಳನ್ನು ಜೋಡಿಸಿ ಅದರ ಘೇರನ್ನು ಮಾಡುವರು.

ಕೆಲವು ಹೆಸರುಗಳು ನಮ್ಮ ಊರಿಗೆ ಬಂದು ಅರ್ಥವನ್ನೇ ಬದಲಿಸಿಕೊಂಡಿವೆ. ಇವುಗಳ ವಿಷಯದಲ್ಲಿ ಗೃಹಿಣಿಯರು ಎಚ್ಚರದಿಂದಿರಬೇಕು. ‘ಚೂಡಿದಾರ’ವು ವಾಸ್ತವವಾಗಿ ಕಾಲಿಗೆ ಬಿಗಿಯಾಗಿದ್ದು, ಹರಡಿನ ಬಳಿ ಬಳೆಗಳಂತೆ ಮಡಿಕೆ ಬೀಳುವ ಇಜಾರದ ಹೆಸರು, ‘ಚೂಡಿ’ಯೆಂದರೆ ಬಳೆ. ಬೆಂಗಳೂರಿನಲ್ಲಾದರೋ ಮೇಲಂಗಿ, ಇಜಾರ, ಹೊದೆಯುವ ವಸ್ತ್ರ ಮೂರೂ ಸೇರಿ ಚೂಡಿದಾರವೆನಿಸಿವೆ. ಆ ಹೊದೆಯುವ ವಸ್ತ್ರವನ್ನು ಉತ್ತರದವರು ದುಪಟ್ಟಾ ಎಂದರೆ, ನಮ್ಮಲ್ಲಿ ಮುಸುಕೆಂಬರ್ಥದ ಇಂಗ್ಲಿಷ್ ಮಾತಿನಿಂದ ‘ವೇಲ್’ ಎನ್ನುವರು. ಆದುದರಿಂದ ದರ್ಜಿಯ ಬಳಿ ಬರಿದೆ ‘ಚೂಡಿದಾರ ಹೊಲಿಯಿರಿ’ ಎಂದರೆ ಸಾಲದು. ಇಜಾರವು ಬಿಗಿಯಾಗಿರಬೇಕೋ ಸಡಿಲವಾಗಿರಬೇಕೋ, ಮೇಲಂಗಿಯ ಪಕ್ಕದ ಸೀಳು ಎಲ್ಲಿಂದ ಆರಂಭವಾಗಬೇಕೋ, ಲೈನಿಂಗ್ ಬೇಕೋ ಬೇಡವೋ ಎಂಬುದನ್ನು ಬಿಡಿಸಿ ಹೇಳಬೇಕು. ಬಟ್ಟೆ ಕೆಟ್ಟಿತೆಂದು ಆಮೇಲೆ ದರ್ಜಿಯನ್ನು ಬೈಯುವ ಎಷ್ಟೋ ಜಗಳಗಳಿಗೆ ಕಾರಣವು ಕತ್ತರಿಯಲ್ಲ, ಮಾತು.

ಹೊಲಿಗೆಯೇ ಇಲ್ಲದ ಸೀರೆಗೂ ಅಂಗಗಳುಂಟು: ಒಡಲು, ಅಂಚು, ಸೆರಗು. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ನೇಕಾರರು ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಕೊಂಡಿಯಾಗಿ ಸೇರಿಸಿ ನೇಯುವರು. ಸೆರಗು ಅಲ್ಲಿ ಬೇರೆಯಾಗಿ ಹುಟ್ಟಿ ಒಡಲನ್ನು ಸೇರುವುದು. ಇದನ್ನು ಬಲ್ಲವರು ಸೀರೆ ಕೊಳ್ಳುವಾಗ ಮೊದಲು ಆ ಕೂಡುವೆಡೆಯನ್ನೇ ನೋಡುವರು. ಹಾಗೆಯೇ ಸಿದ್ಧ ಉಡುಪನ್ನು ಕೊಳ್ಳುವಾಗಲೂ ಒಳಮಗ್ಗುಲನ್ನು ತಿರುಗಿಸಿ ನೋಡುವುದು ಉಚಿತ. ಹೊಲಿಗೆಯ ಆಚೆ ಒಂದು ಬೆರಳಿನಷ್ಟಾದರೂ ಬಟ್ಟೆಯನ್ನು ಬಿಟ್ಟಿದ್ದರೆ ಮುಂದೆ ಬಿಚ್ಚಿ ಸಡಿಲಿಸಬಹುದು. ಬೆಳೆಯುವ ಹೆಣ್ಣುಮಕ್ಕಳಿರುವ ಮನೆಗೆ ಇದು ಸಣ್ಣ ಉಳಿತಾಯವಲ್ಲ.

ಒಳಮಗ್ಗುಲನ್ನು ನೋಡುವಾಗ ಹೊಲಿದ ಕೈಯ ನೆನಪೂ ಬರುವುದು ನ್ಯಾಯ. 2016ರ ಏಪ್ರಿಲ್ 18 ಮತ್ತು 19ರಂದು ಈ ಕೈಗಳನ್ನು ಬೆಂಗಳೂರು ಕಣ್ಣಾರೆ ಕಂಡಿತು. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯಕೂಡದೆಂಬ ಹೊಸ ನಿಯಮದ ವಿರುದ್ಧ ಸಾವಿರಾರು ಗಾರ್ಮೆಂಟ್ಸ್ ಕೆಲಸಗಾರರು ಹೊಸೂರು ರಸ್ತೆಯಲ್ಲಿಯೂ ಪೀಣ್ಯದ ಸುತ್ತಿನಲ್ಲಿಯೂ ಬೀದಿಗಿಳಿದರು. ಅವರಲ್ಲಿ ಬಹುಮಂದಿ ಹೆಂಗಸರು. ಎರಡನೆಯ ದಿನವೇ ಕೇಂದ್ರ ಸರಕಾರವು ನಿಯಮವನ್ನು ಹಿಂತೆಗೆದುಕೊಂಡಿತು. ಕಣ್ಣು ಮಂಜಾದ ಮೇಲೆ ಒಂದು ಹೊಲಿಗೆಯ ಯಂತ್ರವನ್ನು ಕೊಳ್ಳಲು ಆ ಹಣವಲ್ಲದೆ ಬೇರೆ ಗತಿಯಿಲ್ಲದವರು ಎಷ್ಟು ಮಂದಿಯೋ! ಆಗ ಈ ವಿಷಯವನ್ನು ಪತ್ರಿಕೆಯಲ್ಲಿ ಓದಿ ಮಡಿಸಿಟ್ಟಿದ್ದ ನಮಗೆ, ಅದರ ತಾತ್ಪರ್ಯವು ತಿಳಿದುದು ನಮ್ಮ ಜಗಲಿಯ ಮೇಲೆ.

ಪುಸ್ತಕವನ್ನು ಮುಗಿಸಿ ಕೊಟ್ಟಾಗ ಆಕೆ ಓದುತ್ತ ಮೊದಲನೆಯ ಪುಟದಲ್ಲಿಯೇ ನಿಂತಳು. ‘ಕಾಲರ್: ಕೊರಳಪಟ್ಟಿ’ ಎಂದು ನಾವು ಬರೆದಿದ್ದೆವು. ‘ಇದು ಸಾಲಲ್ಲ ಮೇಷ್ಟ್ರೇ. ಕಾಲರ್ ಅಂದ್ರೆ ಒಂದು ಪಟ್ಟಿ ಅಲ್ಲ. ಕತ್ತಿಗೆ ನಿಲ್ಲೋದು ಒಂದು, ಮೇಲೆ ಮಡಚಿ ಬೀಳೋದು ಒಂದು. ಒಳಗೆ ಗಟ್ಟಿ ಬಟ್ಟೆ ಕೊಡಬೇಕು. ಎರಡು ಮೂಲೇನೂ ಒಂದೇ ಸಮ ಬರಬೇಕು, ಇಲ್ಲಾಂದ್ರೆ ಚೆಕಿಂಗಲ್ಲಿ ವಾಪಸ್ ಬರುತ್ತೆ’ ಎಂದಳು. ನಾವು ಲೇಖನಿಯನ್ನು ತೆಗೆದು, ಆಕೆ ಹೇಳಿದಂತೆಯೇ ತಿದ್ದಿ ಬರೆದೆವು. ಆ ಪುಸ್ತಕದಲ್ಲಿ ತಪ್ಪಿಲ್ಲದ ಪುಟವೊಂದಿದ್ದರೆ ಅದು ಅದೇ.

ಈಗ ಆಕೆ ಭಾನುವಾರಗಳಲ್ಲಿ ವಠಾರದವರ ರವಿಕೆಗಳನ್ನು ಹೊಲಿಯುತ್ತಿದ್ದಾಳೆ. ಮೊದಲು ಹೊಲಿದುದು ತನಗಾಗಿ, ಕಾಲರ್ ಇಟ್ಟ ರವಿಕೆಯೊಂದನ್ನು. ಇಷ್ಟು ವರ್ಷಗಳಲ್ಲಿ ತಾನು ಹೊಲಿದ ಕಾಲರು ತನ್ನ ಕೊರಳಿಗೇರಿದುದು ಇದೇ ಮೊದಲೆಂದು ನಮ್ಮ ಮನೆಯವರೊಡನೆ ಹೇಳಿಕೊಂಡು ನಕ್ಕಳಂತೆ. ವಾಚಕರೂ ತಮ್ಮ ಮನೆಯ ಬಟ್ಟೆಗಳ ಒಂದೊಂದು ಅಂಗದ ಹೆಸರನ್ನೂ ಬಲ್ಲವರಿಂದ ಕೇಳಿ ತಿಳಿದುಕೊಳ್ಳಲಿ ಎಂಬುದೇ ನಮ್ಮ ಬಿನ್ನಹ. ಹಾಗೆ ಬಲ್ಲವರು ಬಹುಶಃ ಅವರ ಹಿಂದಿನ ಬೀದಿಯಲ್ಲಿಯೇ ಇರುವರು.