ಮನೆವಾರ್ತೆ: ನಲ್ಲಿಯ ಬುಡದ ಹಳೆಯ ಅಂಟು

ಬೆಳ್ಳಿಯಂತೆ ಹೊಳೆಯಬೇಕಾದ ನಲ್ಲಿಯ ಬುಡದಲ್ಲಿ ಒಣಗಿ ಗಟ್ಟಿಯಾದ ಬಿಳಿಯ ಅಂಟು, ವಾಷ್ ಬೇಸಿನ್ನಿನ ಅಂಚಿನಲ್ಲಿ ಕಪ್ಪು ಬೂಷ್ಟು ಹಿಡಿದ ಪಟ್ಟಿ: ಇವು ಎಷ್ಟು ಅಚ್ಚುಕಟ್ಟಾದ ಬಚ್ಚಲುಮನೆಯ ಅಂದವನ್ನೂ ಕೆಡಿಸುತ್ತವೆ. ಇವನ್ನು ಕಂಡೊಡನೆ ಕೆಲವರು ಚಾಕುವಿಗೆ ಕೈ ಹಾಕುತ್ತಾರೆ. ಕೆಲವರು ಆಸಿಡ್ ಸೀಸೆಯನ್ನೇ ತರುತ್ತಾರೆ. ಕಲೆಯೇನೋ ಹೋಗಬಹುದು; ಅದರೊಡನೆ ನಲ್ಲಿಯ ಹೊಳಪೂ ಹೋಗುತ್ತದೆ.

ಅಂಟನ್ನು ಕೀಳುವ ಮೊದಲು ಅದು ಯಾವ ಬಗೆಯದೆಂಬುದನ್ನು ತಿಳಿಯತಕ್ಕದ್ದು. ಉಗುರಿನಿಂದ ಒತ್ತಿದಾಗ ರಬ್ಬರಿನಂತೆ ತಗ್ಗಿ ಮತ್ತೆ ಮೇಲೆದ್ದರೆ ಅದು ಸಿಲಿಕೋನ್. ಕಲ್ಲಿನಂತೆ ಗಡುಸಾಗಿದ್ದು, ಕೆರೆದಾಗ ಬಿಳಿಯ ಹುಡಿ ಉದುರಿದರೆ ಅದು ಬಿಳಿ ಸಿಮೆಂಟು. ಒಂದಕ್ಕೆ ಒಗ್ಗುವ ಉಪಾಯ ಇನ್ನೊಂದಕ್ಕೆ ಒಗ್ಗದು.

ಸಿಲಿಕೋನ್ ನೀರಿಗಾಗಲಿ, ವಿನಿಗರ್‌ಗಾಗಲಿ ಕರಗುವ ವಸ್ತುವಲ್ಲ. ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿಯನ್ನು ಕೆಲವು ನಿಮಿಷ ಹಾಯಿಸಿದರೆ ಅದು ಮೆತ್ತಗಾಗುತ್ತದೆ. ಆಗ ಬಳಸಿ ಬಿಟ್ಟ ಪ್ಲಾಸ್ಟಿಕ್ ಕಾರ್ಡಿನ ಅಂಚನ್ನಾಗಲಿ, ಚಪ್ಪಟೆಯಾದ ಮರದ ಕಡ್ಡಿಯನ್ನಾಗಲಿ ಅಡಿಗೆ ತೂರಿಸಿ ಎತ್ತಿದರೆ ಪಟ್ಟಿಪಟ್ಟಿಯಾಗಿ ಏಳುವುದು. ಉಳಿದ ತೆಳುಪೊರೆಗೆ ಬಣ್ಣದ ಅಂಗಡಿಯಲ್ಲಿ ದೊರೆಯುವ ಟರ್ಪೆಂಟೈನಿನಲ್ಲಿ ತೋಯಿಸಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಒತ್ತಿಟ್ಟು, ಉಜ್ಜಿ ತೆಗೆದು, ಸೋಪಿನ ನೀರಿನಿಂದ ತೊಳೆಯಬೇಕು. ಟರ್ಪೆಂಟೈನ್ ಬೇಗನೆ ಬೆಂಕಿ ಹಿಡಿಯುವ ವಸ್ತು. ಆದುದರಿಂದ ಬಿಸಿಗಾಳಿಯ ಯಂತ್ರವನ್ನು ದೂರವಿರಿಸಿ, ಕಿಟಕಿಯನ್ನು ತೆರೆದ ಮೇಲೆಯೇ ಅದನ್ನು ಹೊರತೆಗೆಯಬೇಕು. ಉಗುರುಬಣ್ಣ ತೆಗೆಯಲು ಬಳಸುವ ಅಸಿಟೋನನ್ನು ಪ್ಲಾಸ್ಟಿಕ್ ಅಥವಾ ಅಕ್ರಿಲಿಕ್ ಸಾಮಾನಿನ ಮೇಲೆ ಎಂದಿಗೂ ಹಾಕಬಾರದು. ಅದು ಆ ಮೈಯನ್ನೇ ಕರಗಿಸಿ ಮಸುಕಾಗಿಸುತ್ತದೆ.

ಬಿಳಿ ಸಿಮೆಂಟಿಗೆ ಬೇಕಾದುದು ತಾಳ್ಮೆ. ಒದ್ದೆ ಬಟ್ಟೆಯನ್ನು ಅದರ ಸುತ್ತ ಒಂದೆರಡು ಗಂಟೆ ಸುತ್ತಿಟ್ಟು, ಬಳಿಕ ಮರದ ಕಡ್ಡಿಯಿಂದ ಮೆಲ್ಲಗೆ ಎಬ್ಬಿಸಬೇಕು. ಪಿಂಗಾಣಿಯ ಬೇಸಿನ್ನಿನ ಮೇಲೆ ಉಳಿಯುವ ಬಿಳಿಯ ಮಸುಕನ್ನು ನೀರು ಬೆರೆಸಿದ ವಿನಿಗರ್‌ನಿಂದ ಒರೆಸಿ ಕೂಡಲೇ ತೊಳೆಯಬಹುದು. ಆದರೆ ಅಮೃತಶಿಲೆಗೆ ವಿನಿಗರ್ ಸೋಕಬಾರದು. ಸುಣ್ಣದ ಅಂಶವಿರುವ ಆ ಕಲ್ಲು ಹುಳಿಗೆ ಸವೆದು ಕಾಂತಿಗೆಡುತ್ತದೆ. ನಲ್ಲಿಯ ಮೇಲೂ ಅದು ನಿಲ್ಲದಂತೆ ನೋಡಿಕೊಳ್ಳಬೇಕು.

ನಲ್ಲಿಯ ವಿಷಯದಲ್ಲಿ ಇಷ್ಟು ಎಚ್ಚರವೇಕೆ? ನಲ್ಲಿಗಳಲ್ಲಿ ಬಹುಪಾಲು ಹಿತ್ತಾಳೆಯವು. ಅದರ ಮೇಲೆ ನಿಕ್ಕಲ್, ನಿಕ್ಕಲಿನ ಮೇಲೆ ಕೂದಲೆಳೆಗಿಂತ ಎಷ್ಟೋ ಪಾಲು ತೆಳುವಾದ ಕ್ರೋಮಿಯಂ ಲೇಪ. ಆ ಹೊಳಪೆಲ್ಲ ಈ ಲೇಪದ್ದೇ. ಬಚ್ಚಲು ತೊಳೆಯುವ ಆಸಿಡ್ ಕ್ರೋಮಿಯಂ ಲೇಪವನ್ನು ತಿನ್ನುತ್ತದೆ. ಉಕ್ಕಿನ ನಾರು ಗೀರುಗಳನ್ನು ಎಬ್ಬಿಸುತ್ತದೆ. ಒಮ್ಮೆ ಹೋದ ಲೇಪ ಎಷ್ಟು ತಿಕ್ಕಿದರೂ ಮರಳಿ ಬಾರದು.

ಇದಕ್ಕಿಂತಲೂ ಮಿಗಿಲಾದ ಅಪಾಯ ಇನ್ನೊಂದಿದೆ. ಆಸಿಡ್ ಹಾಕಿದರೂ ಕಲೆ ಹೋಗಲಿಲ್ಲವೆಂದು ಅದರ ಮೇಲೆಯೇ ಬ್ಲೀಚಿಂಗ್ ಪೌಡರನ್ನು ಸುರಿಯುವವರುಂಟು. ಅವೆರಡೂ ಸೇರಿದರೆ ಉಸಿರುಗಟ್ಟಿಸುವ ಕ್ಲೋರಿನ್ ವಿಷಾನಿಲ ಹೊರಡುತ್ತದೆ. ಬಾಗಿಲು ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಎರವಾದೀತು. ಮನೆಗೆಲಸಕ್ಕೆ ನೆರವಾಗುವವರಿಗೂ ಈ ಮಾತನ್ನು ತಪ್ಪದೆ ತಿಳಿಸಿರಬೇಕು.

ಹೊಸ ಸಿಲಿಕೋನ್ ಹಳೆಯದರ ಮೇಲೆ ಸರಿಯಾಗಿ ಕಚ್ಚದು. ಹಳೆಯದು ಪೂರ್ತಿ ಹೋಗಿ ಜಾಗ ಚೆನ್ನಾಗಿ ಒಣಗಿದ ಮೇಲೆಯೇ ಅದನ್ನು ಹಚ್ಚಿಸಿ, 24 ಗಂಟೆಗಳ ಕಾಲ ನೀರು ತಾಗದಂತೆ ಕಾಯಬೇಕು. ಕೆಲಸದವರು ಹೊರಡುವ ಮುನ್ನ ಹಸಿ ಸಿಲಿಕೋನನ್ನು ಒಣಬಟ್ಟೆಯಿಂದಲೂ ಹಸಿ ಸಿಮೆಂಟನ್ನು ಒದ್ದೆಬಟ್ಟೆಯಿಂದಲೂ ಒರೆಸಿಸಿಕೊಂಡರೆ, ಮುಂದೆ ಗಂಟೆಗಟ್ಟಲೆ ಪಡಬೇಕಾದ ಶ್ರಮ ಐದು ನಿಮಿಷದಲ್ಲಿ ತಪ್ಪುವುದು.